ಹೆಸರು ಅಳಿಸಿದರೂ ಮರೆಯಾಗದ ವ್ಯಕ್ತಿ: ಐಸ್‌ಲೆಂಡಿನ ಆರೋಗ್ಯ ದತ್ತಸಂಚಯದ ಪ್ರಕರಣ

ಜನರಿಂದ ಮಾಹಿತಿ ಸಂಗ್ರಹಿಸುವ ಸಂಶೋಧನೆಗಳಲ್ಲಿ ಹೆಸರು, ವಿಳಾಸಗಳನ್ನು ತೆಗೆದುಹಾಕಿದೊಡನೆ ಗೌಪ್ಯತೆಯ ಹೊಣೆ ತೀರಿತೆಂದು ಭಾವಿಸುವುದು ರೂಢಿ. ಕೋಟ್ಯಂತರ ಜನರಿರುವ ದೇಶದಲ್ಲಿ ಈ ಭಾವನೆ ಒಂದು ಮಿತಿಯವರೆಗೆ ಸಲ್ಲಬಹುದು. ಜನಸಮುದಾಯ ಚಿಕ್ಕದಾಗಿದ್ದಾಗ ಅದು ಏಕೆ ಸಲ್ಲದು ಎಂಬುದನ್ನು ಐಸ್‌ಲೆಂಡಿನ ಅನುಭವದ ಹಿನ್ನೆಲೆಯಲ್ಲಿ ಇಲ್ಲಿ ಪರಿಶೀಲಿಸುತ್ತೇವೆ.

1998ರಲ್ಲಿ ಐಸ್‌ಲೆಂಡಿನ ಜನಸಂಖ್ಯೆ ಸುಮಾರು 2,70,000. ಆ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಸಂಸತ್ತಾದ ಆಲ್‌ಥಿಂಗ್ ಒಂದು ಕಾಯಿದೆಯನ್ನು ಅಂಗೀಕರಿಸಿತು. ಇಡೀ ದೇಶದ ವೈದ್ಯಕೀಯ ದಾಖಲೆಗಳನ್ನು ಒಂದೇ ದತ್ತಸಂಚಯದಲ್ಲಿ ಸೇರಿಸಿ, ಅದನ್ನು ನಡೆಸುವ ಪರವಾನಗಿಯನ್ನು ಖಾಸಗಿ ಸಂಸ್ಥೆಯೊಂದಕ್ಕೆ ಗರಿಷ್ಠ 12 ವರ್ಷಗಳ ಅವಧಿಗೆ ಕೊಡಲು ಅದು ಅವಕಾಶ ಕಲ್ಪಿಸಿತು. 1996ರಲ್ಲಿ ಸ್ಥಾಪಿತವಾಗಿದ್ದ ಡಿಕೋಡ್ ಜೆನೆಟಿಕ್ಸ್ ಸಂಸ್ಥೆಗೆ 2000ದ ಜನವರಿಯಲ್ಲಿ ಈ ಪರವಾನಗಿ ದೊರೆಯಿತು. ಇಲ್ಲಿ ಯಾರ ಸಮ್ಮತಿಯನ್ನೂ ಕೇಳಲಿಲ್ಲ. ಸುಮ್ಮನಿದ್ದವರೆಲ್ಲ ಸಮ್ಮತಿಸಿದರೆಂದೇ ಲೆಕ್ಕ. ಬೇಡವೆನ್ನುವವರು ತಾವಾಗಿಯೇ ಲಿಖಿತವಾಗಿ ತಿಳಿಸಬೇಕಾಗಿತ್ತು. ಹಾಗೆ ತಿಳಿಸಿದವರ ಸಂಖ್ಯೆ ಸುಮಾರು 20,000. ಮೃತರ ಪರವಾಗಿ ಬೇಡವೆನ್ನಲು ಮಾತ್ರ ಮಾರ್ಗವಿರಲಿಲ್ಲ.

ತೀರಿಹೋದ ತನ್ನ ತಂದೆಯ ದಾಖಲೆಗಳನ್ನು ದತ್ತಸಂಚಯಕ್ಕೆ ಸೇರಿಸಕೂಡದೆಂದು ವಿದ್ಯಾರ್ಥಿನಿಯೊಬ್ಬಳು ಕೋರಿದಳು. ಅಧಿಕಾರಿಗಳು ಒಪ್ಪದಿದ್ದಾಗ ವಿಷಯ ನ್ಯಾಯಾಲಯಕ್ಕೆ ಹೋಯಿತು. 2003ರ ನವೆಂಬರ್ 27ರಂದು ಸರ್ವೋಚ್ಚ ನ್ಯಾಯಾಲಯ ಆಕೆಯ ಪರವಾಗಿ ತೀರ್ಪಿತ್ತಿತು. ಈ ತೀರ್ಪಿನ ಮೂರು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದು, ತಂದೆಯ ಅನುವಂಶೀಯ ಲಕ್ಷಣಗಳಿಂದ ಮಗಳ ಲಕ್ಷಣಗಳನ್ನು ಊಹಿಸಬಹುದಾದ ಕಾರಣ, ತಂದೆಯ ದಾಖಲೆಯಲ್ಲಿ ಮಗಳ ಖಾಸಗಿತನವೂ ಅಡಗಿದೆ. ಎರಡನೆಯದು, ಹೆಸರನ್ನು ಸಂಕೇತಲಿಪಿಗೆ ಬದಲಾಯಿಸಿದರೂ ವಯಸ್ಸು, ವಾಸದ ಊರು, ವೈವಾಹಿಕ ಸ್ಥಿತಿ, ಶಿಕ್ಷಣ, ರೋಗ ಇವೆಲ್ಲ ಒಟ್ಟುಗೂಡಿದಾಗ ವ್ಯಕ್ತಿಯ ಗುರುತು ಹತ್ತಬಲ್ಲದು. ಮೂರನೆಯದು, ಖಾಸಗಿತನದ ರಕ್ಷಣೆಗೆ ಬೇಕಾದ ನಿಶ್ಚಿತ ನಿಯಮಗಳು ಕಾಯಿದೆಯಲ್ಲಿಯೇ ಇರಬೇಕು. ಸರ್ಕಾರಿ ಸಮಿತಿಗಳ ಮೇಲ್ವಿಚಾರಣೆ ಅವಕ್ಕೆ ಬದಲಿಯಾಗಲಾರದು.

ಉದ್ದೇಶಿತ ದತ್ತಸಂಚಯ ಕೊನೆಗೂ ನಿರ್ಮಾಣವಾಗಲಿಲ್ಲ. ಇದರಿಂದ ವಿಜ್ಞಾನಕ್ಕೆ ಹಾನಿಯಾಯಿತೆನ್ನಲು ಬರುವುದಿಲ್ಲ. ಪ್ರತಿಯೊಬ್ಬರಿಂದ ಲಿಖಿತ ಸಮ್ಮತಿ ಪಡೆದು ನಡೆಸಿದ ತಳಿಶಾಸ್ತ್ರೀಯ ಅಧ್ಯಯನಗಳಲ್ಲಿ ಮುಂದೆ ದೇಶದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ವಇಚ್ಛೆಯಿಂದ ಪಾಲ್ಗೊಂಡರು. ಆದರೂ ಸಮಸ್ಯೆ ಅಲ್ಲಿಗೇ ಮುಗಿಯಲಿಲ್ಲ. ಇಷ್ಟು ಜನರ ಮಾಹಿತಿಯ ಜೊತೆಗೆ ವಂಶಾವಳಿಗಳೂ ಕೈಯಲ್ಲಿರುವಾಗ, ಸಮ್ಮತಿಸದ ಬಂಧುಗಳ ತಳಿಗುಣಗಳನ್ನೂ ಗಣನೆಯಿಂದ ಊಹಿಸಲು ಸಾಧ್ಯ. ಮಾಹಿತಿಯ ಒಡೆತನವೂ ಸ್ಥಿರವಲ್ಲ: ಡಿಕೋಡ್ 2009ರಲ್ಲಿ ದಿವಾಳಿಯ ರಕ್ಷಣೆ ಕೋರಿತು, 2012ರಲ್ಲಿ ಅಮೆರಿಕದ ಆಮ್ಜೆನ್ ಸಂಸ್ಥೆ ಅದನ್ನು ಕೊಂಡಿತು.

ಹೊರನಾಡಿನಲ್ಲಿ ಕನ್ನಡದ ಅಧ್ಯಯನ ನಡೆಸುವವರಿಗೆ ಈ ಪ್ರಕರಣ ದೂರದ್ದಲ್ಲ. ನಮ್ಮ ಕ್ಷೇತ್ರಕಾರ್ಯ ನಡೆಯುವುದು ಬಹುಮಟ್ಟಿಗೆ ಒಬ್ಬರನ್ನೊಬ್ಬರು ಬಲ್ಲ ಸಣ್ಣ ಸಮುದಾಯಗಳಲ್ಲಿ. ‘ಮುಂಬಯಿಯ ಇಂಥ ಬಡಾವಣೆಯ, ಎಂಬತ್ತು ದಾಟಿದ, ಗಿರಣಿಯಲ್ಲಿ ದುಡಿದ ಕನ್ನಡತಿ’ ಎಂದು ಬರೆದರೆ ಹೆಸರು ಹೇಳಿದಂತೆಯೇ ಸರಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ನಮ್ಮ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸಂಶೋಧನೆಗೆ ಷರತ್ತುಬದ್ಧ ವಿನಾಯಿತಿ ನೀಡಿದೆ. ಆದರೆ ಕಾಯಿದೆಯ ವಿನಾಯಿತಿ ನೈತಿಕ ಹೊಣೆಯಿಂದ ವಿನಾಯಿತಿಯಲ್ಲ.

ಆದ್ದರಿಂದ ಪ್ರಕಟಣೆಯಲ್ಲಿ ವಯಸ್ಸು, ಸ್ಥಳ, ವೃತ್ತಿಗಳನ್ನು ವಿಶಾಲ ವರ್ಗಗಳಲ್ಲಿ ಸೂಚಿಸುವುದು, ಮನೆತನದ ಸಂಗತಿಗಳಿದ್ದಾಗ ಕುಟುಂಬದವರ ಅಭಿಪ್ರಾಯವನ್ನೂ ಕೇಳುವುದು, ಧ್ವನಿಮುದ್ರಣಗಳು ಮುಂದೆ ಯಾರ ವಶಕ್ಕೆ ಹೋಗಬಹುದೆಂಬುದನ್ನು ಸಮ್ಮತಿಪತ್ರದಲ್ಲಿ ತಿಳಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ಸಮುದಾಯ ಚಿಕ್ಕದಾದಷ್ಟೂ ಸಂಶೋಧಕನ ಎಚ್ಚರ ಹೆಚ್ಚಬೇಕು.