ತರಬೇತಿ ಮುಗಿಯಿತು, ಕೆಲಸ ಸುಧಾರಿಸಿತೇ? ತಿಳಿಯುವುದು ಹೇಗೆ?

ಕಂಪನಿಯಲ್ಲಿ ಎರಡು ದಿನದ ತರಬೇತಿ ಮುಗಿಯುತ್ತಿದ್ದಂತೆ ಕೈಗೊಂದು ಫಾರಂ ಬರುತ್ತದೆ. 'ತರಬೇತಿ ಹೇಗಿತ್ತು?' ಎಂಬ ಪ್ರಶ್ನೆಗೆ ಐದಕ್ಕೆ ನಾಲ್ಕೋ ಐದೋ ಅಂಕ ಕೊಟ್ಟು ಎಲ್ಲರೂ ಮನೆಗೆ ಹೊರಡುತ್ತಾರೆ. ಎಚ್‌ಆರ್ ವರದಿಯಲ್ಲಿ ತರಬೇತಿ 'ಯಶಸ್ವಿ'. ಆದರೆ ಆ ಅಂಕ ತಿಳಿಸುವುದು ತರಬೇತಿ ಇಷ್ಟವಾಯಿತೇ ಎಂಬುದನ್ನು ಮಾತ್ರ.

ನಾಲ್ಕು ಹಂತಗಳು

ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಇದಕ್ಕೆ ನಾಲ್ಕು ಹಂತಗಳನ್ನು ಸೂಚಿಸಿದ್ದರು. ತರಬೇತಿ ಇಷ್ಟವಾಯಿತೇ? ಏನಾದರೂ ಕಲಿತರೇ? ಕಲಿತದ್ದನ್ನು ಕೆಲಸದಲ್ಲಿ ಬಳಸುತ್ತಿದ್ದಾರೆಯೇ? ಅದರಿಂದ ಸಂಸ್ಥೆಗೆ ಫಲ ಸಿಕ್ಕಿತೇ? ಫಾರಂ ಉತ್ತರಿಸುವುದು ಮೊದಲನೆಯದಕ್ಕೆ ಮಾತ್ರ. ಉಳಿದವಕ್ಕೆ ಪರೀಕ್ಷೆ, ಕೆಲವು ತಿಂಗಳ ಗಮನ ಮತ್ತು ಲೆಕ್ಕ ಬೇಕು.

ಹೋಲಿಕೆ ಏಕೆ ಬೇಕು?

ತರಬೇತಿಯ ನಂತರ ಮಾರಾಟ ಹೆಚ್ಚಿದರೆ ಅದು ತರಬೇತಿಯ ಫಲವೇ ಆಗಬೇಕೆಂದಿಲ್ಲ. ಹಬ್ಬದ ಸೀಸನ್ ಬಂದಿರಬಹುದು, ಬೆಲೆ ಇಳಿದಿರಬಹುದು. ಹಾಗಾಗಿ ತರಬೇತಿ ಪಡೆಯದ ಅಂಥದ್ದೇ ಗುಂಪಿನೊಂದಿಗೆ ಹೋಲಿಸಿ ನೋಡಬೇಕು.

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ನಮ್ರತಾ ಕಲಾ ಮತ್ತು ಅನಂತ್ ನ್ಯಾಷಧಂ ಮಾಡಿದ್ದು ಇದನ್ನೇ. ಸಂವಹನ, ಸಮಯ ನಿರ್ವಹಣೆಯಂತಹ ಕೌಶಲಗಳ ತರಬೇತಿಗೆ ಆಸಕ್ತಿ ತೋರಿದ ಮಹಿಳೆಯರಲ್ಲಿ ಯಾರಿಗೆ ಅವಕಾಶ ಎಂಬುದನ್ನು ಲಾಟರಿ ಮೂಲಕ ನಿರ್ಧರಿಸಲಾಯಿತು. ಹೀಗಾಗಿ ಎರಡೂ ಗುಂಪುಗಳ ನಡುವೆ ತರಬೇತಿಯೊಂದೇ ಮುಖ್ಯ ವ್ಯತ್ಯಾಸವಾಗಿತ್ತು.

ತರಬೇತಿ ಪಡೆದವರ ಉತ್ಪಾದಕತೆ ಉಳಿದವರಿಗಿಂತ ಶೇ 10ಕ್ಕೂ ಹೆಚ್ಚಿತ್ತು. ತರಬೇತಿ ಮುಗಿದು ಎಂಟು ತಿಂಗಳಾಗುವಷ್ಟರಲ್ಲಿ, ಖರ್ಚು ಕಳೆದು ಕಂಪನಿಗೆ ಸಿಕ್ಕ ಲಾಭ ಹಾಕಿದ ಹಣದ ಎರಡು ಪಟ್ಟು ದಾಟಿತ್ತು. ಆದರೆ ಕಾರ್ಮಿಕರ ವೇತನ ಹೆಚ್ಚಿದ್ದು ಶೇ 0.5ರಷ್ಟು ಮಾತ್ರ!

ನಿಮ್ಮ ಕಚೇರಿಯಲ್ಲಿ ಏನು ಮಾಡಬಹುದು?

* ಯಾವುದು ಸುಧಾರಿಸಬೇಕು ಎಂಬುದನ್ನು ತರಬೇತಿಗೆ ಮೊದಲೇ ನಿರ್ಧರಿಸಿ: ತಪ್ಪುಗಳ ಸಂಖ್ಯೆ, ದೂರುಗಳು ಅಥವಾ ಕೆಲಸಕ್ಕೆ ತಗಲುವ ಸಮಯ. ಅಂದಿನ ಅಂಕಿಅಂಶ ಬರೆದಿಡಿ.
* ಎಲ್ಲರಿಗೂ ಒಮ್ಮೆಲೇ ಬೇಡ. ಎರಡು ಬ್ಯಾಚ್ ಮಾಡಿ, ಯಾರು ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಎರಡನೇ ಬ್ಯಾಚ್‌ನ ಸರದಿ ಬರುವವರೆಗೆ ಹೋಲಿಕೆಗೆ ಅವಕಾಶ ಸಿಗುತ್ತದೆ.
* ಮೂರು ತಿಂಗಳ ನಂತರ ಮತ್ತೆ ಅಳೆಯಿರಿ. ಕಲಿತದ್ದನ್ನು ಬಳಸಲು ಮ್ಯಾನೇಜರ್ ಅವಕಾಶ ಕೊಟ್ಟರೇ ಎಂದೂ ಕೇಳಿ.

ಇನ್ನೊಂದು ಲೆಕ್ಕವನ್ನೂ ಮರೆಯಬೇಡಿ. ತರಬೇತಿಯಿಂದ ಕಂಪನಿಗೆ ಎಷ್ಟು ಬಂತು ಎಂಬುದರ ಜೊತೆಗೆ, ಕಲಿತು ದುಡಿದವರ ಕೈಗೆ ಎಷ್ಟು ಬಂತು ಎಂಬುದನ್ನೂ ನೋಡಬೇಕು. ಮುಂದಿನ ಇನ್‌ಕ್ರಿಮೆಂಟ್ ಮಾತುಕತೆಯಲ್ಲಿ ಉದ್ಯೋಗಿಗೂ ಈ ಅಂಕಿಅಂಶ ಉಪಯೋಗಕ್ಕೆ ಬರುತ್ತದೆ.