ಕೆಂಪು ದೀಪ ಉರಿದರೆ ಆನೆ ಬಂದಿದೆ ಎಂದರ್ಥ

ಚೆನ್ನೈ, ಕೊಯಮತ್ತೂರಿನಲ್ಲಿರುವ ನಮ್ಮವರಿಗೆ ವಾಲ್ಪಾರೈ ಹೊಸ ಹೆಸರೇನಲ್ಲ. ನಲವತ್ತು ತಿರುವುಗಳ ಘಟ್ಟ ಹತ್ತಿದರೆ ಚಹಾ ತೋಟ, ಮಂಜು, ತಂಪು ಗಾಳಿ. ಆದರೆ ಅದು ಆನೆಮಲೆ ಬೆಟ್ಟಸಾಲು. ಹೆಸರೇ ಹೇಳುವಂತೆ ಆನೆಗಳ ಮಲೆ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬ್ರಿಟಿಷರು ಇಲ್ಲಿನ ಮಳೆಕಾಡು ಕಡಿದು ಕಾಫಿ, ಚಹಾ ಬೆಳೆಸಿದರು. ಇಂದು ಸುಮಾರು 220 ಚದರ ಕಿಲೋಮೀಟರ್ ಪ್ರಸ್ಥಭೂಮಿಯ ಬಹುಭಾಗ ತೋಟ. ಸುತ್ತಲೂ ಸಂರಕ್ಷಿತ ಅರಣ್ಯ. ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಆನೆಗಳು ತೋಟದ ನಡುವೆಯೇ ದಾಟಬೇಕು. ಹಗಲು ಅವು ಹೊಳೆದಂಡೆಯಲ್ಲಿ, ಅಲ್ಲಲ್ಲಿ ಉಳಿದ ಕಾಡಿನ ತುಂಡುಗಳಲ್ಲಿ ನಿಂತು, ಕತ್ತಲಾದ ಮೇಲೆ ಹೊರಡುತ್ತವೆ. ಚಹಾ ಎಲೆಯನ್ನು ಮೂಸಿಯೂ ನೋಡುವುದಿಲ್ಲ. ರೇಷನ್ ಅಂಗಡಿಯ, ಬಿಸಿಯೂಟದ ಕೋಣೆಯ ಅಕ್ಕಿಗೆ ಮಾತ್ರ ಗೋಡೆ ಒಡೆದದ್ದುಂಟು!

ಬೇಲಿ ಹಾಕಿದರಾಯಿತು ಎನ್ನುವುದು ಸುಲಭ. ಈ ಎಸ್ಟೇಟಿನ ಬೇಲಿ ಆನೆಯನ್ನು ಪಕ್ಕದ ಎಸ್ಟೇಟಿಗೆ ತಳ್ಳುತ್ತದೆ, ಅಷ್ಟೆ.

ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಎಂ. ಆನಂದ ಕುಮಾರ್ ಮತ್ತು ಸಂಗಡಿಗರು ವರ್ಷಗಟ್ಟಲೆ ಆನೆಗಳ ಜಾಡು ಹಿಡಿದರು. ಅವರಿಗೆ ಕಂಡದ್ದು ಇದು: ಆನೆಯಿಂದ ಸತ್ತವರಲ್ಲಿ ಹೆಚ್ಚಿನವರಿಗೆ ಹತ್ತಿರದಲ್ಲಿ ಆನೆ ಇರುವುದೇ ಗೊತ್ತಿರಲಿಲ್ಲ. ಸಂತೆ ಮುಗಿಸಿ ಬಸ್ಸಿಳಿದು, ಮಬ್ಬಿನಲ್ಲಿ ಮನೆ ಕಡೆ ನಡೆಯುವ ಕೂಲಿಯವರ ಸ್ಥಿತಿ ಊಹಿಸಿ.

ಹಾಗಾದರೆ ಮೊದಲೇ ತಿಳಿಸೋಣ ಎಂದು ಹೊರಟರು. ಸಂಜೆ ಸ್ಥಳೀಯ ಕೇಬಲ್ ಟಿವಿಯ ಪರದೆಯ ಕೆಳಗೆ ಇಂಥ ಎಸ್ಟೇಟಿನಲ್ಲಿ ಆನೆ ಇದೆ ಎಂಬ ಸಾಲು ಓಡತೊಡಗಿತು. ಬಳಿಕ ಮೊಬೈಲಿಗೆ ಎಸ್ಸೆಮ್ಮೆಸ್. 2011ರಿಂದ ಮುಖ್ಯ ಜಾಗಗಳಲ್ಲಿ ಎತ್ತರದ ಕಂಬದ ಮೇಲೆ ಕೆಂಪು ದೀಪ. ಮೊಬೈಲ್ ಕರೆಯಿಂದಲೇ ಅದನ್ನು ಹೊತ್ತಿಸಬಹುದು. ಮೊದಲು ತಂಡದವರು ಹೊತ್ತಿಸುತ್ತಿದ್ದರು, ಆಮೇಲೆ ಊರವರೇ ವಹಿಸಿಕೊಂಡರು. ಇದೇ ನಮಗೆ ಹೆಚ್ಚು ಮೆಚ್ಚುಗೆಯಾದದ್ದು. ಸಾವುಗಳು ಕಡಿಮೆಯಾದವು, ನಿಂತೇಹೋಗಲಿಲ್ಲ. 2015ರಲ್ಲಿ ಆನಂದ ಕುಮಾರ್ ಅವರಿಗೆ ವಿಟ್ಲಿ ಪ್ರಶಸ್ತಿ ಬಂತು.

ದೀಪದಿಂದಲೇ ಎಲ್ಲ ಆಗದು. ಹೊಳೆದಂಡೆಯ ಮರಗಳನ್ನು ಕಡಿದರೆ ಹಗಲು ಆನೆಗೆ ನಿಲ್ಲಲು ನೆರಳಿಲ್ಲ. ಆಗ ಅದು ಬರುವುದು ಎಲೆ ಕೊಯ್ಯುವವರ ನಡುವೆಯೇ. ಆ ಪಟ್ಟಿ ಬಿಟ್ಟುಕೊಡಬೇಕಾದವರು ಎಸ್ಟೇಟ್ ಮಾಲೀಕರು.

ಮಳೆಗಾಲ ಕಳೆದ ಮೇಲೆ ಅಲ್ಲಿ ಆನೆಗಳ ಓಡಾಟ ಹೆಚ್ಚು. ನೀವೂ ಆಗ ಹೋಗುವುದಿದ್ದರೆ ಕತ್ತಲಾಗುವ ಮುಂಚೆ ತಂಗುವ ಜಾಗ ಸೇರಿಕೊಳ್ಳಿ. ಆನೆ ಎದುರಾದರೆ ಹಾರ್ನ್ ಬೇಡ, ಫೋಟೋಗೆಂದು ಇಳಿಯುವುದಂತೂ ಬೇಡವೇ ಬೇಡ.