ಬೆನ್ನಿಗೊಂದು ಚೀಲ: ಬ್ಯಾಂಕಾಕಿನಿಂದ ಸಿಂಗಾಪುರಕ್ಕೆ ರೈಲಿನಲ್ಲಿ

ನಮ್ಮ ಕಡೆಯ ಮನೆಗಳಲ್ಲಿ ವಿದೇಶ ಪ್ರಯಾಣ ಎಂದರೆ ಕಣ್ಣ ಮುಂದೆ ಬರುವುದು ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ. ಅದರ ಮೇಲೆ ಮಾರ್ಕರಿನಲ್ಲಿ ದಪ್ಪಕ್ಷರದ ಹೆಸರು, ಫೋನ್ ನಂಬರು. ಒಳಗೆ ಉಪ್ಪಿನಕಾಯಿ, ಹಪ್ಪಳ, ದುಬೈಯಲ್ಲೋ ದಮ್ಮಾಮಿನಲ್ಲೋ ಇರುವ ಅಣ್ಣನಿಗೆಂದು ಉಮ್ಮ ಕಟ್ಟಿಕೊಟ್ಟ ಹಲ್ವ. ತೂಕ 30 ಕಿಲೋ ದಾಟಿತೇನೋ ಎಂಬ ಆತಂಕ ವಿಮಾನ ನಿಲ್ದಾಣದವರೆಗೂ ಇರುತ್ತದೆ. ಹೋಗುವವರು ದುಡಿಮೆಗೆ ಹೋಗುತ್ತಾರೆಯೇ ಹೊರತು ಊರು ನೋಡಲು ಅಲ್ಲ.

ಬ್ಯಾಕ್‌ಪ್ಯಾಕಿಂಗ್ ಎಂಬುದು ಇದಕ್ಕೆ ಪೂರ್ತಿ ಉಲ್ಟಾ. ಏಳೆಂಟು ಕಿಲೋದ ಒಂದೇ ಚೀಲವನ್ನು ಬೆನ್ನಿಗೆ ಹಾಕಿಕೊಂಡು, ರೈಲು, ಬಸ್ಸು, ದೋಣಿ ಹಿಡಿದು, ಹಾಸ್ಟೆಲಿನ ಡಾರ್ಮಿಟರಿಯಲ್ಲಿ ಒಂದು ಮಂಚ ಬಾಡಿಗೆಗೆ ಪಡೆದು ಮಲಗಿ, ಬೀದಿಬದಿಯ ಊಟ ಮಾಡಿ ಊರಿಂದೂರಿಗೆ ಸಾಗುವುದು. ಖರ್ಚು ಕಡಿಮೆ ಎನ್ನುವುದು ಒಂದು ಲಾಭ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು: ಇಲ್ಲಿ ಅವಸರವಿಲ್ಲ. ಟೂರ್ ಬಸ್ಸಿನವರು ಹತ್ತು ನಿಮಿಷ ಕೊಡುವ ಕಟ್ಟಡದ ಮುಂದೆ ನೀವು ಅರ್ಧ ದಿನ ಕೂರಬಹುದು. ಕೂತರೆ ಏನು ಕಾಣುತ್ತದೆ ಎಂದು ತಿಳಿಸಲು ಏಷ್ಯಾದ ಒಂದೇ ದಾರಿಯನ್ನು ಆರಿಸಿಕೊಂಡಿದ್ದೇನೆ. ಬ್ಯಾಂಕಾಕಿನಿಂದ ಪೆನಾಂಗ್, ಕೌಲಾಲಂಪುರ ಮಾರ್ಗವಾಗಿ ಸಿಂಗಾಪುರಕ್ಕೆ, ಸುಮಾರು 1,900 ಕಿಲೋಮೀಟರ್, ವಿಮಾನ ಹತ್ತದೆ.

ಬ್ಯಾಂಕಾಕ್ ಎಂಬುದು ಹೊರಗಿನವರು ಕರೆಯುವ ಹೆಸರು. ಥಾಯ್ ಜನ ತಮ್ಮ ರಾಜಧಾನಿಯನ್ನು ‘ಕ್ರುಂಗ್ ಥೇಪ್’ ಎನ್ನುತ್ತಾರೆ. ಅದರ ಪೂರ್ಣ ಹೆಸರು ಜಗತ್ತಿನ ಅತಿ ಉದ್ದದ ಊರ ಹೆಸರುಗಳಲ್ಲಿ ಒಂದು. ಅದನ್ನು ನಿಧಾನವಾಗಿ ಕೇಳಿದರೆ ಕನ್ನಡದ ಕಿವಿಗೆ ದೇವ, ಮಹಾನಗರ, ಅಮರ, ರತ್ನ, ಅಯೋಧ್ಯಾ, ನವರತ್ನ, ರಾಜಧಾನಿ ಎಂಬ ಪದಗಳು ಒಂದೊಂದಾಗಿ ಸಿಗುತ್ತವೆ. 1782ರಲ್ಲಿ ಈ ಊರು ರಾಜಧಾನಿಯಾಯಿತು.

ಚಾವೋ ಫ್ರಯಾ ನದಿಯ ದಡದಲ್ಲಿರುವ ವಾಟ್ ಅರುಣ್ ಎಂಬ ಬೌದ್ಧ ದೇವಾಲಯ ಇಲ್ಲಿನ ಹೆಗ್ಗುರುತು. ‘ಅರುಣ್’ ನಮ್ಮ ಅರುಣನೇ. ಫೋಟೋದಲ್ಲಿ ಅದು ಕೆತ್ತಿದ ಕಲ್ಲಿನ ಗೋಪುರದಂತೆ ಕಾಣುತ್ತದೆ. ಎದುರು ದಡದಿಂದ ದೋಣಿ ಹತ್ತಿ ಹತ್ತಿರ ಹೋಗಿ ನೋಡಿದರೆ ಅದರ ಮೈತುಂಬ ಇರುವುದು ಒಡೆದ ಪಿಂಗಾಣಿ ಚೂರುಗಳು, ಕಪ್ಪೆಚಿಪ್ಪುಗಳು. ಚೀನಾದಿಂದ ಬರುತ್ತಿದ್ದ ಹಡಗುಗಳು ಸಮುದ್ರದಲ್ಲಿ ವಾಲದಿರಲೆಂದು ತಳದಲ್ಲಿ ಭಾರಕ್ಕೆ ತುಂಬಿಕೊಂಡು ಬಂದ ಪಿಂಗಾಣಿ ಅದು. ಅದನ್ನೇ ಹೂವು, ಎಲೆಯ ಆಕಾರಕ್ಕೆ ಜೋಡಿಸಿ ಗೋಪುರಕ್ಕೆ ಮೆತ್ತಿದ್ದಾರೆ.

ಅದೇ ದಡದ ಒಂದು ಕಾಲುವೆಯ ಪಕ್ಕ ಬ್ಯಾಂಗ್ ಲುವಾಂಗ್ ಎಂಬ ಹಳೆಯ ಮಸೀದಿಯಿದೆ. ಗುಮ್ಮಟವಿಲ್ಲ, ಮಿನಾರ ಇಲ್ಲ. ಬಿಳಿ ಗೋಡೆ, ಥಾಯ್ ಶೈಲಿಯ ಮಾಡು. ಗೊತ್ತಿಲ್ಲದವರು ದೇವಾಲಯವೆಂದೇ ಭಾವಿಸಬಹುದು. ನಮ್ಮ ಕರಾವಳಿಯ ಹಳೆಯ ಮಸೀದಿಗಳನ್ನು ಕಂಡವರಿಗೆ ಮಾತ್ರ ಇದು ಅಚ್ಚರಿಯಲ್ಲ. ಮರದ ಕಂಬ, ಇಳಿಜಾರು ಮಾಡು, ಹೆಂಚು: ನಮ್ಮ ಹಿರಿಯರೂ ಕಟ್ಟಿದ್ದು ಊರಿನ ಮಳೆಗೆ, ಊರಿನ ಬಡಗಿಯ ಕೈಗೆ ಒಗ್ಗುವಂತೆಯೇ.

ಬ್ಯಾಂಕಾಕಿನಿಂದ ದಕ್ಷಿಣಕ್ಕೆ ಹೋಗುವ ರಾತ್ರಿ ರೈಲು ಮರುದಿನ ಬೆಳಿಗ್ಗೆ ಮಲೇಷ್ಯಾ ಗಡಿಯ ಪಾಡಾಂಗ್ ಬೆಸಾರ್ ನಿಲ್ದಾಣ ತಲುಪುತ್ತದೆ. ಒಂದೇ ಕಟ್ಟಡದಲ್ಲಿ ಥಾಯ್ಲೆಂಡಿನ ಕೌಂಟರಿನಲ್ಲಿ ಹೊರಹೋಗುವ ಮುದ್ರೆ, ಮಲೇಷ್ಯಾದ ಕೌಂಟರಿನಲ್ಲಿ ಒಳಬರುವ ಮುದ್ರೆ. ಕೈಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಬೇಕು. ಮರೆತರೆ ಮುಂದಿನ ರೈಲು ತಪ್ಪುತ್ತದೆ.

ಮುಂದೆ ಬಟರ್‌ವರ್ತ್‌ನಲ್ಲಿ ಇಳಿದು ಫೆರಿ ಹತ್ತಿದರೆ ಪೆನಾಂಗ್ ದ್ವೀಪದ ಜಾರ್ಜ್‌ಟೌನ್. 2008ರಲ್ಲಿ ಯುನೆಸ್ಕೋ ಇದನ್ನು ಮಲಾಕ್ಕಾದ ಜೊತೆಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎರಡು ದಿನ ಉಳಿಯಲು ಈ ದಾರಿಯಲ್ಲಿ ಒಂದೇ ಊರನ್ನು ಆರಿಸು ಎಂದರೆ ನನ್ನ ಆಯ್ಕೆ ಇದೇ. ನಡೆದೇ ಮುಗಿಸಬಹುದಾದಷ್ಟು ಹತ್ತಿರದಲ್ಲಿ ಸೇಂಟ್ ಜಾರ್ಜ್ ಚರ್ಚು, ಚೀನೀಯರ ಕರುಣಾದೇವಿಯ ಗುಡಿ, ತಮಿಳರ ಮಾರಿಯಮ್ಮನ ಗುಡಿ, ಕಪಿತಾನ್ ಕೆಲಿಂಗ್ ಮಸೀದಿ ಇವೆ. ಮಸೀದಿಯನ್ನು 19ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದವರು ದಕ್ಷಿಣ ಭಾರತದಿಂದ ಹೋದ ಮುಸ್ಲಿಂ ವ್ಯಾಪಾರಿಗಳು. ಅವರ ಹಿಂದೆ ಹೋದ ತಮಿಳು ಮುಸ್ಲಿಮರು ಹೆಗಲ ಮೇಲೆ ದೊಣ್ಣೆಯಿಟ್ಟು, ಅದರ ಎರಡು ತುದಿಗೆ ಅನ್ನ ಸಾರಿನ ಪಾತ್ರೆ ತೂಗುಹಾಕಿ ಬಂದರಿನ ಕೂಲಿಗಳಿಗೆ ಊಟ ಮಾರುತ್ತಿದ್ದರು. ಆ ಊಟವೇ ಇಂದು ಮಲೇಷ್ಯಾದ ಉದ್ದಗಲಕ್ಕೂ ಹೆಸರಾದ ‘ನಾಸಿ ಕಂದರ್’. ನಾಸಿ ಎಂದರೆ ಅನ್ನ, ಕಂದರ್ ಎಂದರೆ ಆ ಹೆಗಲ ದೊಣ್ಣೆ.

ಮಲೇಷ್ಯಾದಲ್ಲಿ ಭಾಷೆಯೂ ಅರ್ಧ ಪರಿಚಿತ. ಭಾಷೆಗೆ ಬಹಾಸಾ, ಶಿಕ್ಷಕರಿಗೆ ಗುರು, ಭೂಮಿಗೆ ಬೂಮಿ, ದೇಶಕ್ಕೆ ನೆಗಾರಾ. ಧರ್ಮಕ್ಕೆ ಅವರು ಹೇಳುವುದು ‘ಅಗಾಮಾ’, ಅಂದರೆ ಆಗಮ. ರಂಝಾನಿನ ಉಪವಾಸಕ್ಕೆ ‘ಪುವಾಸಾ’. ನಮ್ಮ ‘ಉಪವಾಸ’ವೇ ಹಡಗು ಹತ್ತಿ ಹೋಗಿ ಹಾಗಾಗಿದೆ.

ಕೌಲಾಲಂಪುರ ಎಂದರೆ ಕೆಸರಿನ ಸಂಗಮ. ನಮ್ಮ ತುಂಗಾ ಭದ್ರಾ ಸೇರುವಲ್ಲಿ ಕೂಡಲಿ ಇದ್ದ ಹಾಗೆ, ಕ್ಲಾಂಗ್ ಮತ್ತು ಗೊಂಬಾಕ್ ನದಿಗಳು ಸೇರುವಲ್ಲಿ ಈ ಊರು ಹುಟ್ಟಿತು, ತವರದ ಗಣಿ ಕಾರ್ಮಿಕರ ಬಿಡಾರವಾಗಿ. ಆ ಸಂಗಮದ ಮೂಲೆಯಲ್ಲೇ 1909ರ ಜಾಮೆಕ್ ಮಸೀದಿ ಇದೆ. ಅದರ ವಿನ್ಯಾಸ ಮಾಡಿದ ಹಬ್ಯಾಕ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ ಮಾದರಿಯಾಗಿ ನೋಡಿದ್ದು ಉತ್ತರ ಭಾರತದ ಮೊಘಲ್ ಕಟ್ಟಡಗಳನ್ನು.

ಆದರೆ ಎಲ್ಲರೂ ಹುಡುಕಿಕೊಂಡು ಹೋಗುವುದು ಪೆಟ್ರೋನಾಸ್ ಅವಳಿ ಗೋಪುರಗಳನ್ನು. 88 ಅಂತಸ್ತು, 452 ಮೀಟರ್. 1998ರಿಂದ 2004ರವರೆಗೆ ಜಗತ್ತಿನ ಅತಿ ಎತ್ತರದ ಕಟ್ಟಡ. ಒಂದು ಚೌಕದ ಮೇಲೆ ಇನ್ನೊಂದನ್ನು ಓರೆಯಾಗಿಟ್ಟರೆ ಎಂಟು ಮೂಲೆಯ ನಕ್ಷತ್ರ ಬರುತ್ತದಲ್ಲ, ಅದೇ ಈ ಗೋಪುರಗಳ ಅಡಿನಕ್ಷೆ. ಕುರ್‌ಆನ್ ಪ್ರತಿಗಳಲ್ಲಿ ಹಿಝ್ಬಿನ ಕಾಲು ಭಾಗವನ್ನು ಗುರುತಿಸುವ ಚಿಹ್ನೆಯ ಆಕಾರವೂ ಅದೇ. ಒಳಮೂಲೆಗಳಲ್ಲಿ ಜಾಗ ಸಾಲದೆಂದು ಅರ್ಧವೃತ್ತಗಳನ್ನು ಸೇರಿಸಿದ್ದಾರೆ. 41 ಮತ್ತು 42ನೇ ಅಂತಸ್ತಿನಲ್ಲಿ ಎರಡೂ ಗೋಪುರಗಳನ್ನು ಸೇರಿಸುವ ಸೇತುವೆಯ ವಿಷಯ ವಿಜ್ಞಾನ ವಿಭಾಗದವರಿಗೆ ಹಿಡಿಸೀತು. ಗಾಳಿಗೆ ಎರಡು ಗೋಪುರಗಳೂ ಒಂದೇ ತೆರನಾಗಿ ಓಲಾಡುವುದಿಲ್ಲ. ಸೇತುವೆಯನ್ನು ಎರಡೂ ಕಡೆ ಬಿಗಿದಿದ್ದರೆ ಅದು ಮುರಿದೇ ಹೋಗುತ್ತಿತ್ತು. ಆದ್ದರಿಂದ ಅದರ ತುದಿಗಳು ಜಾರಾಡುವಂತೆ ಬಿಟ್ಟಿದ್ದಾರೆ. ಮೇಲೆ ಹೋಗಲು ಟಿಕೆಟ್ ದುಬಾರಿ. ಕೆಳಗಿನ ಉದ್ಯಾನದಲ್ಲಿ ಕುಳಿತು ನೋಡಲು ದುಡ್ಡಿಲ್ಲ, ನೋಟವೂ ಅಲ್ಲಿಂದಲೇ ಚೆನ್ನ.

ಸಿಂಗಾಪುರಕ್ಕೆ ದಾಟುವ ಮುನ್ನ ಸ್ವಲ್ಪ ಕಟುವಾದ ಮಾತು. ಭಾರತೀಯರು ಸಿಂಗಾಪುರದ ವೀಸಾವನ್ನು ಮೊದಲೇ ಪಡೆದಿರಬೇಕು. ಥಾಯ್ಲೆಂಡ್, ಮಲೇಷ್ಯಾದ ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ವಾರ ಆಯಾ ಸರ್ಕಾರದ ಜಾಲತಾಣವನ್ನೇ ನೋಡಿ, ರೀಲ್ಸ್ ನಂಬಬೇಡಿ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಲಿ. ಅಡುಗೆಮನೆಯ ಗಸಗಸೆ ಸಿಂಗಾಪುರದಲ್ಲಿ ನಿಷಿದ್ಧ ವಸ್ತು. ಗಲ್ಫಿಗೆ ಹೋಗುವವರಿದ್ದ ಮನೆಗಳಲ್ಲಿ ಈ ಎಚ್ಚರ ಮೊದಲಿನಿಂದಲೂ ಇದೆ. ಮಾದಕ ವಸ್ತು ಸಾಗಾಟಕ್ಕೆ ಅಲ್ಲಿ ಮರಣದಂಡನೆಯವರೆಗೂ ಶಿಕ್ಷೆಯಿದೆ. ಬೇರೆಯವರ ಪೊಟ್ಟಣವನ್ನು, ಎಷ್ಟೇ ಬೇಕಾದವರದ್ದಾದರೂ, ಬಿಚ್ಚಿ ನೋಡದೆ ಚೀಲಕ್ಕೆ ಹಾಕಬೇಡಿ. ಇನ್ನೊಂದು: ‘ಟೂರಿಸ್ಟ್ ಆಗಿ ಬ್ಯಾಂಕಾಕಿಗೆ ಬಾ, ಕಂಪ್ಯೂಟರ್ ಕೆಲಸ ಕೊಡಿಸುತ್ತೇವೆ’ ಎಂಬ ಮಾತು ನಂಬಿ ಹೋದ ನಮ್ಮ ದೇಶದ ಎಷ್ಟೋ ಯುವಕರನ್ನು ಮ್ಯಾನ್ಮಾರ್ ಗಡಿಯಾಚೆ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಕೂಡಿಹಾಕಲಾಗಿತ್ತು. 2025ರಲ್ಲಿ ವಾಯುಪಡೆಯ ವಿಮಾನಗಳಲ್ಲಿ ನೂರಾರು ಜನರನ್ನು ಕರೆತರಬೇಕಾಯಿತು. ಪ್ರವಾಸದ ವೀಸಾ ಪ್ರವಾಸಕ್ಕೆ ಮಾತ್ರ. ಅದರಲ್ಲಿ ಕೆಲಸ ಕೊಡುತ್ತೇವೆ ಎನ್ನುವವರ ಮಾತನ್ನು ಅಲ್ಲಿಗೇ ನಿಲ್ಲಿಸಿ.

ಜೋಹೊರ್ ಬಾರುವಿನಿಂದ ಸಿಂಗಾಪುರಕ್ಕೆ 1924ರ ಸೇತುರಸ್ತೆಯ ಮೇಲೆ ರೈಲಿನಲ್ಲಿ ಐದೇ ನಿಮಿಷ. ಅಲ್ಲಿ ಸಿಂಹದ ತಲೆ, ಮೀನಿನ ಮೈಯ ಮೆರ್ಲಯನ್ ಪ್ರತಿಮೆಯ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ನೀವೂ ತೆಗೆಸಿಕೊಳ್ಳಿ. ಅದು ಪುರಾಣದ ಪ್ರಾಣಿಯೇನಲ್ಲ, 1964ರಲ್ಲಿ ಪ್ರವಾಸೋದ್ಯಮ ಮಂಡಳಿಗಾಗಿ ಬರೆಸಿದ ಲಾಂಛನ.

ಅಲ್ಲಿಂದ ಕಂಪೊಂಗ್ ಗ್ಲಾಮ್ ಎಂಬ ಹಳೆಯ ಬಡಾವಣೆಗೆ ಹೋಗಿ. ಬುಸ್ಸೋರಾ ಬೀದಿಯ ತುದಿಯಲ್ಲಿ ಸುಲ್ತಾನ್ ಮಸೀದಿಯ ಚಿನ್ನದ ಬಣ್ಣದ ಗುಮ್ಮಟ ಕಾಣುತ್ತದೆ. ಈಗಿನ ಕಟ್ಟಡ ಪೂರ್ಣಗೊಂಡದ್ದು 1932ರಲ್ಲಿ. ಗುಮ್ಮಟದ ಕೆಳಗೆ ಸುತ್ತಲೂ ಒಂದು ಕಪ್ಪು ಪಟ್ಟಿ ಇದೆ. ದೂರದಿಂದ ನೋಡಿದರೆ ಬಣ್ಣ ಬಳಿದಂತೆ ಅನಿಸುತ್ತದೆ. ಅದು ಬಣ್ಣವಲ್ಲ, ಸಾಲಾಗಿ ಜೋಡಿಸಿದ ಗಾಜಿನ ಬಾಟಲಿಗಳ ತಳ. ಮಸೀದಿ ಕಟ್ಟುವಾಗ ಶ್ರೀಮಂತರು ಹಣ ಕೊಟ್ಟರು. ಕೊಡಲು ಹಣವಿಲ್ಲದ ಬಡವರಿಂದ ಬಾಟಲಿಗಳನ್ನು ಪಡೆದು, ಕಟ್ಟಡದ ಎತ್ತರದ ಜಾಗದಲ್ಲಿ, ಗುಮ್ಮಟದ ಬುಡದಲ್ಲಿ ಕೂರಿಸಿದರು. ಬಿಸಿಲು ಬಿದ್ದಾಗ ಅವು ಮಿನುಗುವುದು ಬೀದಿಯಿಂದಲೇ ಕಾಣುತ್ತದೆ.